ಬಾಷಣ್ಣನ ಕಿವಿಗೆ ಒಪ್ಪದ ರೀಲುಗಳು

ಬಾಷಣ್ಣ ಯಾವ ಯಂತ್ರವನ್ನೂ ಮೊದಲು ಕಣ್ಣಿನಿಂದ ನೋಡಿದವನಲ್ಲ, ಕಿವಿಗೆ ಹಿಡಿಯುತ್ತಿದ್ದ. ಗಾಳದ ದಾರ ಸುತ್ತುವ ರೀಲೊಂದನ್ನು ಕೊಟ್ಟರೆ ಕಿವಿಯ ಪಕ್ಕ ಇಟ್ಟುಕೊಂಡು, ಕಣ್ಣು ಮುಚ್ಚಿ, ಅದರ ಹಿಡಿಯನ್ನು ನಿಧಾನವಾಗಿ ನಾಲ್ಕು ಸುತ್ತು ತಿರುಗಿಸುತ್ತಿದ್ದ. ಬಾಯಿ ತೆರೆಯುವ ಮೊದಲೇ ತೀರ್ಪು ಅವನ ಮುಖದ ಮೇಲೆ ಬಂದಿರುತ್ತಿತ್ತು. ಒಪ್ಪದ ರೀಲನ್ನು ಸತ್ತ ಇಲಿಯನ್ನು ಎತ್ತುವ ಹಾಗೆ ಎರಡೇ ಬೆರಳಲ್ಲಿ ಎತ್ತಿ ಮೇಜಿನ ತುದಿಗೆ ಇಡುತ್ತಿದ್ದ. ನಾನು ಕಂಡಂತೆ ಅವನಿಗೆ ಒಪ್ಪಿಗೆಯಾದ ರೀಲು ಒಂದೇ ಒಂದು. ಅದು ಅವನದೇ.

ಕಿರುಗಾವಲು ಬಸ್ ನಿಲ್ದಾಣದ ಎದುರು ಅವನದು ಹೊಲಿಗೆ ಯಂತ್ರದ ರಿಪೇರಿ ಅಂಗಡಿ. ಹೊಲಿಗೆ ಯಂತ್ರ ಹೊಟ್ಟೆಪಾಡಿಗೆ, ರೀಲು ಬಯ್ಯುವ ಚಪಲಕ್ಕೆ. ಮದ್ದೂರು, ಮಳವಳ್ಳಿ ಕಡೆಯ ಗಾಳದ ಹುಚ್ಚರೆಲ್ಲ ಅಲ್ಲಿಗೆ ಹೋಗಿ ಉಗಿಸಿಕೊಂಡು ಬರುತ್ತಿದ್ದೆವು. ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ನೌಕರಿ ಮಾಡಿಕೊಂಡು ಭಾನುವಾರ ಮಾತ್ರ ಮೀನಿನ ಹಿಂದೆ ಬೀಳುವ ನನ್ನ ಮೇಲಂತೂ ಅವನಿಗೆ ವಿಶೇಷ ತಾತ್ಸಾರ.

ನಾನು ಮೊದಲು ತೆಗೆದುಕೊಂಡುಹೋದದ್ದು ಹೊಸ ರೀಲು. ಫೋನಿನಲ್ಲಿ ನೋಡಿ ತರಿಸಿದ್ದೆ. ಕೆಂಪು ಬಣ್ಣ, ಚಿನ್ನದ ಗೆರೆ. ವಿಡಿಯೋದಲ್ಲಿ ಅದನ್ನು ಹೊಗಳಿದವನ ಪ್ಯಾಂಟಿಗೆ ಒಂದು ಚಿಟಿಕೆ ಕೆಸರೂ ಇರಲಿಲ್ಲ. ಅಂಥವನ ಮಾತು ನಂಬಿ ದುಡ್ಡು ಕಳಿಸಿದ ನನ್ನ ಬುದ್ಧಿಗೆ ಏನು ಹೇಳೋಣ.

"ಇದ್ನ ಬಳೆ ಅಂಗ್ಡೀಲಿ ತಗಂಡ್ಯಾ?" ಎಂದ ಬಾಷಣ್ಣ.

"ಒಳಗೆ ಹತ್ತು ಬೇರಿಂಗ್ ಅವೆ ಬಾಷಣ್ಣ."

"ಹತ್ತಂತೆ. ಹತ್ತೂ ಸೇರ್ಕಂಡು ಒಂದ್ ಜಿಲೇಬಿ ಮೀನ್ ಎಳೀತವಾ ಕೇಳು." ಎರಡು ಬೆರಳಲ್ಲಿ ಎತ್ತಿ ತುದಿಗೆ ಸರಿಸಿದ. ನಾಚಿಕೆಯಿಂದ ನಾನು ಅದನ್ನು ಅಲ್ಲೇ ಬಿಟ್ಟು ಬಂದೆ.

ಅವನ ರೀಲಿನ ಕಥೆ ಬೇರೆ. ಹಿಂದೆ ಯಾವನೋ ಪರದೇಶದವನು ಕಾವೇರಿಯಲ್ಲಿ ಗಾಳ ಹಾಕಲು ಬಂದು, ಕೆಟ್ಟಿತೆಂದು ಎಸೆದುಹೋದದ್ದು. ಬಾಷಣ್ಣ ಹೊಲಿಗೆ ಯಂತ್ರದ ಸ್ಪ್ರಿಂಗು ಕತ್ತರಿಸಿ ಹಾಕಿ ಜೀವ ಕೊಟ್ಟಿದ್ದ. ಬಣ್ಣವೆಲ್ಲ ಹೋಗಿ ಹಳೆಯ ಸೌಟಿನಂತಾಗಿತ್ತು. ಅದನ್ನು ಮಾಡಿದ ಕಂಪನಿ ಆ ಮಾದರಿಯನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಅದನ್ನು ತಿರುಗಿಸಿದರೆ ಸದ್ದೇ ಇಲ್ಲ. ಮಗಳ ಮದುವೆಯ ದಿನವೂ ನೆಂಟರ ಕೈಗೆ ಅದನ್ನು ಕೊಟ್ಟು "ಕೇಳು, ಕೇಳು" ಎಂದವನು ಅವನು. ಮುಟ್ಟಲು ಕೇಳಿದರೆ ನನಗೆ ಮಾತ್ರ ಕೊಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಒಂದು ವರ್ಷ ಹುಡುಕಿ ಅದೇ ಮಾದರಿಯದೊಂದನ್ನು ಬೆಂಗಳೂರಿನ ಸಂಗ್ರಹಕಾರನೊಬ್ಬನಿಂದ ಕೊಂಡೆ. ಆ ಮಹಾಶಯ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿನಾ ಧೂಳು ಒರೆಸುತ್ತಿದ್ದನೇ ಹೊರತು ಒಂದು ದಿನವೂ ನೀರಿನ ಹತ್ತಿರ ಒಯ್ದಿರಲಿಲ್ಲ. ಬಾಷಣ್ಣ ಈ ಸಲವಾದರೂ ಮೆಚ್ಚುತ್ತಾನೆಂದು ಓಡಿದೆ. ಅವನು ಕಿವಿಗೆ ಹಿಡಿದ, ಕೆಳಗಿಟ್ಟ.

"ನನ್ತವ ಐತೆ ಅಂತ ನೀನೂ ತಗಂಡ್ಯಾ? ಹೊಸದು ಕೆಟ್ರೆ ಇನ್ನೊಂದ್ ಹೊಸದು ಸಿಕ್ತದೆ. ಇದು ಕೆಟ್ರೆ ಸಾಮಾನ್ ಎಲ್ ತತ್ತೀಯಾ? ಬಂದು ನನ್ ಮಕ ನೋಡ್ತೀಯ."

"ಅಂಗಾದ್ರೆ ಹೊಸದೇ ಒಳ್ಳೇದಿತ್ತಾ?"

"ಅದು ಒಳ್ಳೇದಲ್ಲ. ಇದು ಒಳ್ಳೇದೇಯಾ, ನಿನ್ ಕೈ ಒಳ್ಳೇದಲ್ಲ. ರಾಡಲ್ಲಿ ಎತ್ತು, ರೀಲಲ್ಲಿ ಸುತ್ತು. ಅಷ್ಟ್ ಕಲ್ತ್ಕೊ."

ಕಲಿಯಲಿಲ್ಲ. ಮಳವಳ್ಳಿ ಕೆರೆಯಲ್ಲಿ ದೊಡ್ಡ ಕಾಟ್ಲಾ ಮೀನು ಸಿಕ್ಕಿ ಜೊಂಡಿಗೆ ನುಗ್ಗಿದಾಗ, ಗಾಳದ ಕೋಲನ್ನು, ಆ ರಾಡನ್ನು, ಎತ್ತಿ ಮೀನನ್ನು ಎಳೆಯುವುದು ಬಿಟ್ಟು ಬಾವಿಯಿಂದ ನೀರು ಸೇದುವವನ ಹಾಗೆ ಹಿಡಿಯನ್ನೇ ಬಲವಂತವಾಗಿ ತಿರುಗಿಸಿದೆ. ಒಳಗೆ ಕಟಕಟ ಎಂದಿತು. ಮೀನೂ ಹೋಯಿತು, ದೊಡ್ಡ ಹಲ್ಲಿನ ಚಕ್ರವೂ ಹೋಯಿತು. ಬಾಷಣ್ಣ ಬಿಚ್ಚಿ ನೋಡಿ, ಮುರಿದ ಹಲ್ಲುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಮೊದಲ ಸಲ ನನ್ನನ್ನು ಬಯ್ಯಲಿಲ್ಲ. "ಮಡಗೋಗು" ಎಂದ ಅಷ್ಟೆ.

ಹದಿನೈದು ದಿನ ಬಿಟ್ಟು ಹೋದರೆ ರೀಲು ತಯಾರಾಗಿತ್ತು. ತಿರುಗಿಸಿದೆ. ಸುತ್ತಿಗೊಂದು ಸಲ ಒಳಗಿಂದ ಗೊಣಗಿದಂಥ ಸದ್ದು.

"ಚಕ್ರ ಎಲ್ಲಿ ಸಿಕ್ತು ಬಾಷಣ್ಣ?"

"ಎಲ್ಲೋ ಸಿಕ್ತು. ಬ್ಯಾರೇದ್ರಲ್ಲಿ ಸವ್ದಿರೋ ಚಕ್ರ, ಇದ್ರಲ್ಲಿ ಒಸಿ ಸದ್ದು ಬತ್ತದೆ. ಕೇಳಾಕಾಗ್ದಿದ್ರೆ ಮತ್ತೆ ಬಳೆ ಅಂಗ್ಡೀಗೆ ಓಗು."

ಕೆಲವು ತಿಂಗಳ ಬಳಿಕ ಮದ್ದೂರಿನ ಹತ್ತಿರ ಶಿಂಷಾ ದಂಡೆಯಲ್ಲಿ ಅವನನ್ನು ಕಂಡೆ. ಕಲ್ಲಿನ ಮೇಲೆ ಕೂತು ಗಾಳ ಹಾಕಿದ್ದ. ಹತ್ತಿರ ಹೋದಾಗ ಅವನ ರಾಡಿನ ಮೇಲೆ ಕಂಡದ್ದು ಹಳೆಯ ಸೌಟಿನ ಬಣ್ಣವಲ್ಲ. ಕೆಂಪು, ಚಿನ್ನದ ಗೆರೆ. ನಾನು ಅವನ ಅಂಗಡಿಯಲ್ಲಿ ಬಿಟ್ಟುಬಂದಿದ್ದ ಅದೇ ರೀಲು.

ಆಗ ನನ್ನ ರೀಲಿನ ಚಕ್ರ ಎಲ್ಲಿಂದ ಬಂತೆಂದು ಗೊತ್ತಾಯಿತು. ಅವನ ಮುಂದೆ ನಿಂತು ನನ್ನ ರೀಲನ್ನು ರಾಡಿನಿಂದ ಬಿಚ್ಚತೊಡಗಿದೆ.

"ಏನ್ಲಾ ಮಾಡ್ತಿದ್ದೀಯಾ?"

"ನಿನ್ ಚಕ್ರ ನೀನೇ ಇಟ್ಕೊ ಬಾಷಣ್ಣ. ನನಗ್ ಬ್ಯಾಡ."

"ಸುಮ್ಕೆ ಕೂತ್ಕೊ. ನಂದು ಬೇಕಾದಷ್ಟು ಮೀನ್ ಇಡ್ದದೆ. ನಿಂದು ಪಾಪ ಗಾಜಿನ್ ಪೆಟ್ಗೇಲಿ ಕೂತಿತ್ತು. ಅದೂ ಒಸಿ ನೀರ್ ನೋಡ್ಲಿ ಬುಡು." ಆಮೇಲೆ ಕೆಂಪು ರೀಲಿನ ಕಡೆ ಅಸಹ್ಯದಿಂದ ನೋಡಿ, "ಇದು ದರಿದ್ರ ಕಣ್ಲಾ. ಆದ್ರೂ ಸುತ್ತದೆ," ಎಂದ.

ಅವತ್ತು ಅವನಿಗೆ ಒಂದೂ ಮೀನು ಬೀಳಲಿಲ್ಲ. ನನಗೆ ಎರಡು ಬಿದ್ದವು. ಕೊಡಹೋದರೆ, "ನಿನ್ ಮೀನ್ ಯಾರಿಗ್ ಬೇಕು" ಎಂದು ಬಸ್ಸು ಹತ್ತಿದ. ಅದೇ ನಾನು ಅವನನ್ನು ಕೊನೆಯ ಸಲ ನೋಡಿದ್ದು. ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡ. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಮೊನ್ನೆ ಇನ್ನೊಬ್ಬ ಸಂಗ್ರಹಕಾರ ಹೇಗೋ ವಿಳಾಸ ಹುಡುಕಿಕೊಂಡು ಆ ಹಳೆಯ ರೀಲನ್ನು ಕೊಳ್ಳಲು ಮನೆಗೆ ಬಂದಿದ್ದ. ಕೈಗೆ ಬಿಳಿ ಬಟ್ಟೆಯ ಗವಸು ಹಾಕಿಕೊಂಡು ರೀಲನ್ನು ಮುಟ್ಟಿದ. ಅದನ್ನು ನೋಡಿಯೇ ನನಗೆ ಮೈಯುರಿಯಿತು.

"ಒಳಗಿನದೆಲ್ಲ ಒರಿಜಿನಲ್ ತಾನೇ ಸಾರ್?"

"ಇಲ್ಲ. ಒಂದು ಚಕ್ರ ಬೇರೆಯವರದು."

ಎರಡೇ ಬೆರಳಲ್ಲಿ ಎತ್ತಿ ಮೇಜಿನ ತುದಿಗಿಟ್ಟ. "ಹಾಗಿದ್ರೆ ಇದಕ್ಕೇನೂ ಬೆಲೆ ಇಲ್ಲ ಸಾರ್," ಎಂದು ಗವಸು ಬಿಚ್ಚಿಕೊಂಡು ಹೊರಟ. ಕಾಫಿ ಕೊಡಬೇಕೆಂದು ನನಗೂ ಅನ್ನಿಸಲಿಲ್ಲ.

ಅವನು ಹೋದ ಮೇಲೆ ರೀಲನ್ನು ಕಿವಿಗೆ ಹಿಡಿದು ತಿರುಗಿಸಿದೆ. ಸುತ್ತಿಗೊಂದು ಸಲ ಗೊಣಗುತ್ತದೆ, ಹಾಗೆಯೇ. ಗ್ರೀಸು ತುಂಬಿದರೆ ಸದ್ದು ನಿಲ್ಲಬಹುದು. ನಾನು ಇದುವರೆಗೂ ಹಾಕಿಲ್ಲ.