ಸೀರೆ ಚೂರು ಕಟ್ಟಿದ ಬದನೆಕಾಯಿ

ಮಂಡಿಕಲ್ ಹೋಬಳಿಯ ಅಕ್ಕಯಮ್ಮ ಆ ಭಾನುವಾರ ಬೆಳಿಗ್ಗೆ ಮೊದಲು ಕಂಡಿದ್ದು ಕೆಂಪು ಸೀರೆಯ ಚೂರನ್ನು. ಮೊಮ್ಮಗ ವೇಣು ಅದರಲ್ಲಿ ಬೈಕ್ ಒರೆಸುತ್ತಿದ್ದ.

“ಲೋ, ಅದೆಲ್ಲಿ ಸಿಕ್ತೋ?”

“ಬದನೆ ಗಿಡದಾಗಿತ್ತು ಅಜ್ಜಿ.”

“ಅದ್ನ ಕಟ್ಟಿದ್ದ ಕಾಯಿ?”

“ಅದಾ? ಹಳ್ದಿಯಾಗಿ ಹಾಳಾಗೋಗಿತ್ತು. ಕಿತ್ತು ಎಮ್ಮೆಗೆ ಹಾಕ್ದೆ.”

ವೇಣು ಗೌರಿಬಿದನೂರಿನ ಒಂದು ಕಂಪನಿಯಲ್ಲಿ ಡಬ್ಬಿಗೆ ಲೇಬಲ್ ಅಂಟಿಸುತ್ತಾನೆ. ಊರಲ್ಲಿ ಮಾತ್ರ ‘ಕ್ವಾಲಿಟಿ ಸೆಕ್ಷನ್’ ಅಂತ ಹೇಳಿಕೊಂಡಿದ್ದಾನೆ. ರಜೆಯ ದಿನ ಅಜ್ಜಿಗೆ ನೆರವಾಗೋಣ ಅಂತ ತೋಟಕ್ಕಿಳಿದವನು ಇಡೀ ತೋಟದ ಅತಿ ಒಳ್ಳೆಯ ಕಾಯನ್ನೇ ರಿಜೆಕ್ಟ್ ಮಾಡಿದ್ದ.

ಆ ಬದನೆ ತಳಿ ಅಕ್ಕಯಮ್ಮ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿಗೆ ಕಟ್ಟಿ ತಂದದ್ದು. ಹುಳಕ್ಕೆ ಬಗ್ಗದ ಗಿಡವೊಂದನ್ನು ಪ್ರತಿ ವರ್ಷ ಆರಿಸಿ, ಅದರ ಒಂದು ಕಾಯಿಗೆ ಸೀರೆ ಚೂರು ಕಟ್ಟುತ್ತಾಳೆ. ಕಟ್ಟಿದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಹಳದಿಯಾಗಿ ಮೆತ್ತಗಾದ ಮೇಲೆ ಅದರ ಬೀಜವೇ ಮುಂದಿನ ಬೆಳೆ. ಹಳೆಯ ಬೀಜವೆಲ್ಲ ಈ ಸಲವೇ ಮುಗಿದಿತ್ತು, ಉಳಿದ ಗಿಡಗಳಿಗೆಲ್ಲ ಹುಳ ಬಿದ್ದಿತ್ತು. ಈ ಕಾಯಿ ಹೋದರೆ ತಳಿಯೇ ಹೋದಂತೆ.

ಸಿಟ್ಟು ನೆತ್ತಿಗೇರಿದರೆ ಅಕ್ಕಯಮ್ಮನಿಗೆ ಕನ್ನಡ ಸಾಲದು, ತೆಲುಗೇ ಬೇಕು. “ಬುದ್ಧಿ ಉಂದಾ ನೀಕು?” ಎನ್ನುತ್ತ ಕೊಟ್ಟಿಗೆಗೆ ನುಗ್ಗಿ, ಎಮ್ಮೆಯ ಬಾಯಿಂದ ಅರ್ಧ ಕಾಯನ್ನು ಕಿತ್ತುಕೊಂಡು ಬಂದಳು. ಎಮ್ಮೆಗೂ ನಾಲ್ಕು ಮಾತು ಬಿತ್ತು. ಆದರೆ ಅದೇನು, ಪಾಪ, ಕ್ವಾಲಿಟಿ ಸೆಕ್ಷನ್ನಿನಲ್ಲಿ ಸಂಬಳ ತಗೊಳ್ಳುತ್ತಿರಲಿಲ್ಲ.

“ಹಿಸುಕು” ಎಂದು ಬೋಗುಣಿ ನೀರನ್ನು ಅವನ ಮುಂದೆ ಕುಕ್ಕಿದಳು. “ತೇಲಿದ್ದು ಜೊಳ್ಳು, ಮುಳುಗಿದ್ದು ಬೀಜ. ನಿನ್ನನ್ನ ಹಾಕಿದ್ರೆ ತೇಲ್ತೀಯ.”

ಹಿಸುಕಿದಂತೆ ಜೊಳ್ಳು ಬೀಜಗಳು ಜೊಂಪೆ ಜೊಂಪೆಯಾಗಿ ತೇಲಿದವು. ವೇಣು ಬೋಗುಣಿಯೊಳಗೆ ಬಗ್ಗಿ ನೋಡಿದ. ತಳದಲ್ಲಿ ಒಂದು ಚಿಟಿಕೆಯಷ್ಟೂ ಇರಲಿಲ್ಲ. ಅಷ್ಟನ್ನೇ ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಿದಳು.

ಅದನ್ನು ಬಿತ್ತಿದ ಪಾತಿಯಲ್ಲಿ ಹತ್ತೊಂಬತ್ತು ಸಸಿ ಎದ್ದವು. ವೇಣುವಿಗೆ ನೀರು ಹೊರುವ ಕೆಲಸ ಮಾತ್ರ, ಅದೂ ದೂರದಿಂದ. “ಬದುವಿನ ಮ್ಯಾಲೇ ನಿಂತ್ಕೊ, ಕ್ವಾಲಿಟಿ ಸಾಹೇಬ!” ತಿಂಗಳಿಗೆ ನಾಟಿಯಾಯಿತು. ಬಾಡಿದ ಕುಡಿಗಳನ್ನು ಹುಳದ ಸಮೇತ ಅವಳೇ ಚಿವುಟಿದಳು, ಚಿವುಟಿದಾಗೆಲ್ಲ ಅವನತ್ತ ನೋಡುತ್ತ.

ಮತ್ತೆ ಎರಡು ತಿಂಗಳಿಗೆ ಕಾಯಿ ಬಿಟ್ಟವು. ಮೊದಲ ಕೊಯ್ಲಿನ ದಿನ ಅಕ್ಕಯಮ್ಮ ಹಳೇ ಸೀರೆಯಿಂದ ಎರಡು ಚೂರು ಹರಿದಳು. ಒಂದನ್ನು ಗಟ್ಟಿಗಿಡದ ಕಾಯಿಗೆ ಬಿಗಿದಳು. ಇನ್ನೊಂದನ್ನು ವೇಣುವಿನ ಎದೆಗೆ ಎಸೆದಳು.

“ತಗೋ, ಬೈಕಿಗೆ. ಆ ಕಡೆ ಕೈ ಹೋಯ್ತೋ, ಮುರೀತೀನಿ.”