ಮಂಜಿನ ಹೊಲದಲ್ಲಿ ಎರಡು ಸಾಲು ಕಂದೀಲು

ಇದನ್ನು ಬರೆಯಬೇಡ ಎಂದು ಪ್ರಸನ್ನ ಹೇಳಿದ್ದಾನೆ. ಓದಿದವರು ನಗುತ್ತಾರೆ ಎಂಬ ಸಂಕೋಚ ಅವನಿಗಿಲ್ಲ. "ಅದನ್ನ ಮತ್ತ ಯಾಕ ನೆನಪಸ್ಕೊಳ್ತಿ?" ಎನ್ನುತ್ತಾನೆ, ಅಷ್ಟೇ. ಆ ರಾತ್ರಿ ನಾನೊಬ್ಬಳೇ ಅಲ್ಲಿದ್ದಿದ್ದರೆ ಜ್ವರದ ಭ್ರಮೆ ಅಂದುಕೊಂಡು ಎಂದೋ ಮರೆತುಬಿಡುತ್ತಿದ್ದೆ. ಆದರೆ ಗಂಡ ಹೆಂಡತಿ ಇಬ್ಬರೂ ಇದ್ದೆವು. ಇಬ್ಬರಿಗೂ ಒಂದೇ ಸದ್ದು ಕೇಳಿತು. ಇಬ್ಬರ ಮೂಗಿಗೂ ಒಂದೇ ವಾಸನೆ ಬಡಿಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದು ಏನು ಎಂದು ಮಾತ್ರ ನನ್ನನ್ನು ಕೇಳಬೇಡಿ...

ಕೊರೊನಾದ ಎರಡನೆಯ ಚಳಿಗಾಲ. ಆಗ ನಾವು ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನಲ್ಲಿದ್ದೆವು. ಮೊದಲೆಲ್ಲ ನಮ್ಮ ಮನೆಯ ಮೇಲೆ ವಿಮಾನ ಹಾದುಹೋದರೆ ಅಡುಗೆಮನೆಯ ಲೋಟಗಳು ಗಡಗಡ ಎನ್ನುತ್ತಿದ್ದವು. ಲಾಕ್‌ಡೌನ್ ಬಂದ ಮೇಲೆ ಆಕಾಶಕ್ಕೆ ಬಾಯಿ ಕಟ್ಟಿದ ಹಾಗಾಗಿತ್ತು. ಪ್ರಸನ್ನನ ಕಂಪ್ಯೂಟರ್ ಕೆಲಸ ಮನೆಯಿಂದಲೇ ನಡೆಯುತ್ತಿತ್ತು. ನಾನು ಒಂದು ಸಣ್ಣ ವಸ್ತುಸಂಗ್ರಹಾಲಯಕ್ಕಾಗಿ ಹಳೆಯ ಫೋಟೋ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಜೋಪಾನ ಮಾಡುವ ಕೆಲಸದಲ್ಲಿದ್ದೆ.

ಆ ಕೆಲಸದ ಮೇಲೆಯೇ ನಾವು ಉತ್ತರದ ಕಡಲತೀರಕ್ಕೆ ಹೋದದ್ದು. ಅಲ್ಲಿ ಸೀಟ್ಸೆ ಎಂಬ ತೊಂಬತ್ತು ದಾಟಿದ ಮುದುಕ ಒಬ್ಬರೇ ಇದ್ದರು. ನಮ್ಮಿಬ್ಬರ ಮಾತಿನಲ್ಲಿ ಅವರು ಅಜ್ಜ. ಹರೆಯದಲ್ಲಿ ಅವರು ಬಾಡಿಗೆ ಫೋಟೋಗ್ರಾಫರ್. ಹೋಟೆಲಿನವರಿಗೆ, ದೋಣಿಯವರಿಗೆ, ಕ್ಯಾಲೆಂಡರ್ ಮಾಡುವವರಿಗೆ ಫೋಟೋ ತೆಗೆದುಕೊಡುತ್ತಿದ್ದರು. ಮೋಜಿಗೆಂದು ಗಾಳ ಹಾಕಲು ಪಟ್ಟಣದಿಂದ ಬರುವ ಸಾಹುಕಾರರು, ಅವರು ಎತ್ತಿ ಹಿಡಿದ ದೊಡ್ಡ ದೊಡ್ಡ ಮೀನುಗಳು, ಅವರನ್ನು ದ್ವೀಪಗಳಿಗೆ ಒಯ್ಯುವ ಪುಟ್ಟ ವಿಮಾನ... ಅಜ್ಜನ ಪೆಟ್ಟಿಗೆಗಳಲ್ಲಿ ಇದ್ದದ್ದು ಇದೇ. ಇನ್ನೊಂದು ವಾರದಲ್ಲಿ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿ ಮನೆ ಮಾರುವುದೆಂದು ಗೊತ್ತಾಗಿತ್ತು. ಅದಕ್ಕೂ ಮೊದಲು ಪೆಟ್ಟಿಗೆಗಳನ್ನು ತರಬೇಕಿತ್ತು.

ಮಧ್ಯಾಹ್ನ ತಲುಪಿದೆವು. ಸಮುದ್ರದ ಒಡ್ಡಿಗೆ ಮುಖ ಮಾಡಿ ನಿಂತ ಇಟ್ಟಿಗೆಯ ಮನೆ. ಹಿಂದೆ ಉದ್ದನೆಯ ಹುಲ್ಲುಗಾವಲು. ಸುತ್ತ ಕಣ್ಣು ಹಾಯಿಸಿದಷ್ಟು ದೂರಕ್ಕೆ ಬೇರೆ ಒಂದೇ ಒಂದು ಮನೆ. ಅಲ್ಲಿಯ ಹೆಂಗಸು ದಿನಾ ಸಂಜೆ ಬಂದು ಅಜ್ಜನನ್ನು ನೋಡಿಕೊಳ್ಳುತ್ತಿದ್ದಳಂತೆ. ಈಗ ಅವಳಿಗೇ ಕೊರೊನಾ ಬಂದು ಬಾಗಿಲು ಹಾಕಿಕೊಂಡಿದ್ದಳು.

ಅಜ್ಜನ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ಹಿಡಿಯುವ ಅಭ್ಯಾಸ ಅವರಿಗೆ. ನಮ್ಮ ಮುಖಕ್ಕೆ ಮಾಸ್ಕ್. "ತೆಗೀರಿ ಅದನ್ನ, ಬಾಯಿ ಮುಚ್ಚಿಕೊಂಡವರ ಹತ್ತಿರ ಹೇಗೆ ಮಾತಾಡೋದು?" ಎಂದು ಬೈದರು. ಅವರು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ಶಬ್ದ. ಮಾಸ್ಕ್ ತೆಗೆಯಲು ಧೈರ್ಯವಾಗದೆ ನಾವು ಮಕ್ಕಳ ಪಾಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸುತ್ತಿದ್ದೆವು.

ಪೆಟ್ಟಿಗೆಗಳು ನಾವೆಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದವು. ಅರ್ಧ ಕಾರಿಗೆ ತುಂಬುವಷ್ಟರಲ್ಲಿ ಕತ್ತಲಾಯಿತು. ಆಮೇಲೆ ಸಮುದ್ರದ ಕಡೆಯಿಂದ ಮಂಜು ಬಂತು... ಒಡ್ಡಿನ ಮೇಲಿಂದ ಹಾಲು ಉಕ್ಕಿ ಚೆಲ್ಲಿದ ಹಾಗೆ. ಅಂಗಳದಲ್ಲಿದ್ದ ನಮ್ಮ ಕಾರೇ ಕಾಣಿಸದಾಯಿತು.

"ಇಷ್ಟು ಮಂಜಿನ್ಯಾಗ ಗಾಡಿ ಹೊಡಿಯೂದು ಆಗೂದಿಲ್ಲ" ಎಂದ ಪ್ರಸನ್ನ. "ಒಂಬತ್ತಕ್ಕ ಕರ್ಫ್ಯೂ ಬ್ಯಾರೆ. ದಾರ್ಯಾಗ ಸಿಕ್ಕೊಂಡ್ರ ಏನ್ ಮಾಡೂದು?"

ದ ಹೇಗ್‌ನಲ್ಲಿದ್ದ ಅಜ್ಜನ ಮಗಳು ಆನ್ಕೆಗೆ ಫೋನ್ ಮಾಡಿದೆ. ರಾತ್ರಿ ಅಲ್ಲೇ ಉಳಿಯಿರಿ, ಮೇಲಿನ ಕೋಣೆ ಖಾಲಿ ಇದೆ ಎಂದಳು. ಆಮೇಲೆ, "ಮಂಜು ಬಿದ್ದಿದೆಯೇ?" ಎಂದು ಕೇಳಿದಳು. ಹೌದು ಎಂದೆ.

"ಹಾಗಾದರೆ ಅಪ್ಪನನ್ನು ಹೊರಗೆ ಬಿಡಬೇಡಿ. ಹೊಲದಲ್ಲಿ ದೀಪ ಇಡುತ್ತೇನೆ ಎಂದು ಹಟ ಮಾಡುತ್ತಾರೆ. ಹೊಲದಂಚಿನ ಕಾಲುವೆಗೆ ಬಿದ್ದರೆ ಎತ್ತುವವರಿಲ್ಲ."

ಅವಳು ಹೇಳಿದ ಹಾಗೆಯೇ ಆಯಿತು. ಊಟ ಮುಗಿಯುತ್ತಲೇ ಅಜ್ಜ ಕೋಟು ಹಾಕಿಕೊಂಡು, ಮಣಭಾರದ ಬೂಟು ಮೆಟ್ಟಿ, ವಾಕರ್ ತಳ್ಳಿಕೊಂಡು ಹಿಂಬಾಗಿಲಿಗೆ ಹೊರಟರು. ಪ್ರಸನ್ನ ಅಡ್ಡ ನಿಂತ. ಎಲ್ಲಿಗೆ ಎಂದು ನಾನು ಪಾಟಿಯ ಮೇಲೆ ಬರೆದೆ.

"ಡೌವೆ ಇಳಿಯಬೇಕು" ಎಂದರು ಅಜ್ಜ.

ಅವರನ್ನು ಕುರ್ಚಿಗೆ ಕರೆತಂದು ಕೂರಿಸಿದೆವು. ಆಗ ಹೇಳಿದರು. ಡೌವೆ ಅವರ ಗೆಳೆಯ, ಆ ಪುಟ್ಟ ವಿಮಾನದ ಪೈಲಟ್. ಹಿಂದಿನ ಈ ಹುಲ್ಲುಗಾವಲಿನಲ್ಲೇ ಅವನು ವಿಮಾನ ಇಳಿಸುತ್ತಿದ್ದ. ಇಬ್ಬರೂ ಕೂಡಿ ಮೇಲಿನಿಂದ ಎಷ್ಟೋ ದೋಣಿಗಳ ಫೋಟೋ ತೆಗೆದಿದ್ದರು. ಒಂದು ಸಂಜೆ ಡೌವೆ ಅಜ್ಜನನ್ನು ಇಲ್ಲಿ ಇಳಿಸಿ, ದ್ವೀಪದಲ್ಲಿ ಮೀನು ಹಿಡಿಯಲು ಹೋಗಿದ್ದ ಒಬ್ಬ ಗಿರಾಕಿಯನ್ನು ಕರೆತರುತ್ತೇನೆಂದು ಮತ್ತೆ ಹಾರಿದ. ಆ ಗಿರಾಕಿ ಯಾರೋ ಪರಸ್ಥಳದವನು, ಅಜ್ಜ ಅವನ ಮುಖ ನೋಡಿರಲಿಲ್ಲ. ಅಷ್ಟರಲ್ಲಿ ಮಂಜು ಕವಿಯಿತು.

"ನಾನು ದೀಪ ಹಚ್ಚಿದೆ. ಮಂಜು ನುಂಗಿಬಿಟ್ಟಿತು. ಅವನು ಮೇಲೆ ಸುತ್ತುತ್ತಾ ಇದ್ದ... ಸುತ್ತುತ್ತಾ ಇದ್ದ. ಆಗ ನನ್ನ ಕಿವಿ ಚೆನ್ನಾಗಿತ್ತು. ಆಮೇಲೆ ಸದ್ದು ಸಮುದ್ರದ ಕಡೆ ಹೋಯಿತು."

ವಿಮಾನವೂ ಸಿಗಲಿಲ್ಲ, ಅದರಲ್ಲಿದ್ದ ಇಬ್ಬರೂ ಸಿಗಲಿಲ್ಲ.

ಈಗ ಯಾಕೆ ದೀಪ ಎಂದು ಬರೆದು ತೋರಿಸಿದೆ. ಅಜ್ಜ ಮೇಲೆ ಬೆರಳು ಮಾಡಿದರು. "ಇಷ್ಟು ವರ್ಷ ಮೇಲೆ ಬರೀ ಗದ್ದಲ. ಈಗ ವಿಮಾನಗಳೆಲ್ಲ ನಿಂತಿವೆಯಲ್ಲ. ಹೋದ ವರ್ಷದಿಂದ ಮಂಜು ಬಿದ್ದಾಗೆಲ್ಲ ಬರುತ್ತಾನೆ. ಕಿವಿಗಲ್ಲ, ಇಲ್ಲಿಗೆ ಕೇಳುತ್ತದೆ" ಎಂದು ಎದೆ ಮುಟ್ಟಿಕೊಂಡರು. "ನನ್ನ ಕೈಲಿ ಒಂದೋ ಎರಡೋ ದೀಪ ಇಡುವುದಾಗುತ್ತದೆ. ಅಷ್ಟು ಸಾಲದು. ಎರಡು ಸಾಲು ಬೇಕು. ನಡುವೆ ಇಳಿಯಬೇಕಲ್ಲ? ಇನ್ನೊಂದು ವಾರದಲ್ಲಿ ನಾನು ಇಲ್ಲಿರುವುದಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಮತ್ತೆ ವಾಕರ್ ಹಿಡಿದು ಏಳಲು ನೋಡಿದರು.

"ನಾನ ಇಟ್ಟು ಬರ್ತೀನಿ" ಎಂದ ಪ್ರಸನ್ನ. "ದೀಪ ಇಟ್ರ ಸುಮ್ನ ಮಲ್ಕೋತಾರ. ಇಲ್ಲಂದ್ರ ಬೆಳತನಕ ಇದ ಹಟ."

ಅವನೊಬ್ಬನನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಹೋದೆವು. ಶೆಡ್ಡಿನಲ್ಲಿ ಹಳೆಯ ಕಂದೀಲುಗಳಿದ್ದವು. ನಮ್ಮ ಧಾರವಾಡದ ಮನೆಯಲ್ಲಿ ಕರೆಂಟು ಹೋದಾಗ ಹಚ್ಚುತ್ತಿದ್ದೆವಲ್ಲ, ಥೇಟ್ ಅಂಥವೇ. ಅಜ್ಜ ಎಣ್ಣೆ ತುಂಬಿಸಿ, ಗಾಜು ಒರೆಸಿ ಸಿದ್ಧ ಮಾಡಿಟ್ಟಿದ್ದರು. ಹುಲ್ಲಿನ ಮೇಲೆ ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು ಹಚ್ಚಿಡುತ್ತ ಹೋದೆವು. ಮಂಜಿನಲ್ಲಿ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಒಡ್ಡಿನ ಮೇಲೆ ಎಲ್ಲೋ ಒಂದು ಕುರಿ ಕೆಮ್ಮಿತು, ಥೇಟ್ ಮನುಷ್ಯರ ಹಾಗೆ. ನಾನು ಪ್ರಸನ್ನನ ಜಾಕೆಟ್ ಹಿಡಿದುಕೊಂಡೇ ಮನೆಗೆ ವಾಪಸಾದೆ.

ಅಜ್ಜ ಕಿಟಕಿಯ ಪಕ್ಕ ಕೂತಿದ್ದರು. ಹೊರಗೆ ಮಂಜು ಚೂರು ತೆಳುವಾಗಿ, ಹಳದಿ ಚುಕ್ಕೆಗಳು ಎರಡು ಸಾಲಾಗಿ ಮಸುಕುಮಸುಕಾಗಿ ಕಾಣುತ್ತಿದ್ದವು. ನಾನು ಚಹಾ ಮಾಡಿ ತಂದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ...

ಇದ್ದಕ್ಕಿದ್ದ ಹಾಗೆ ಅಜ್ಜ ತಲೆ ಎತ್ತಿದರು. ಚಾವಣಿಯ ಎಡಮೂಲೆಯನ್ನು ನೋಡಿದರು. ಅವರ ಕಣ್ಣು ನಿಧಾನವಾಗಿ, ತೀರಾ ನಿಧಾನವಾಗಿ, ಎಡದಿಂದ ಬಲಕ್ಕೆ ಸರಿಯಿತು. ಗೋಡೆಯ ಮೇಲೆ ಹಲ್ಲಿ ಹರಿಯುವುದನ್ನು ನೋಡುವವರ ಹಾಗೆ. ಬಲಮೂಲೆಗೆ ಹೋಗಿ ಮತ್ತೆ ಎಡಕ್ಕೆ ತಿರುಗಿತು.

ನನಗೆ ಏನೂ ಕೇಳಿಸಲಿಲ್ಲ. ಮೊದಲು.

ಆಮೇಲೆ ಕೇಳಿಸಿತು. ಬಹಳ ದೂರದಲ್ಲಿ ಹಳೆಯ ಹೊಲಿಗೆ ಯಂತ್ರ ತುಳಿದ ಹಾಗೆ. ಟರ್‌ರ್‌ರ್... ನಡುನಡುವೆ ಕೆಮ್ಮಿ ನಿಂತು, ಮತ್ತೆ ಟರ್‌ರ್‌ರ್...

"ನಿನಗ ಕೇಳಸ್ಲಿಕ್ಕತ್ತದೇನು?" ಎಂದೆ.

ಪ್ರಸನ್ನ ಹೌದೆಂದು ತಲೆಯಾಡಿಸಿದ. "ಅಜ್ಜನ ಕಣ್ಣ ನೋಡು" ಎಂದು ಪಿಸುಗುಟ್ಟಿದ.

ಸದ್ದು ಎಡಕ್ಕೆ ಹೋದರೆ ಕಣ್ಣು ಎಡಕ್ಕೆ, ಬಲಕ್ಕೆ ಬಂದರೆ ಕಣ್ಣು ಬಲಕ್ಕೆ. ಒಂದಿಷ್ಟೂ ತಪ್ಪಲಿಲ್ಲ. ಕಿವುಡ ಮನುಷ್ಯ!

ಸದ್ದು ಕೆಳಗಿಳಿಯಿತು. ಕಿಟಕಿಯ ಗಾಜು ಸಣ್ಣಗೆ ಕಂಪಿಸತೊಡಗಿತು. ಚಹಾದ ಮೇಲೆ ಉಂಗುರದಂತೆ ಅಲೆಗಳೆದ್ದವು. ಮನೆಯ ಮೇಲೆಯೇ ಏನೋ ಹಾದುಹೋಯಿತು. ಹೊಲದ ತುದಿಯ ದೀಪ ಒಂದು ಕ್ಷಣ ಮಾಯವಾಗಿ ಮತ್ತೆ ಕಂಡಿತು. ಅದರ ಮುಂದಿನದು ಮಾಯವಾಗಿ ಮತ್ತೆ ಕಂಡಿತು. ಅದರ ಮುಂದಿನದು... ದೀಪಗಳಿಗೂ ನಮಗೂ ನಡುವೆ ದೊಡ್ಡದೇನೋ ಓಡುತ್ತಿತ್ತು. ಧಡ್. ಧಡ್. ನೆಲ ಅದುರಿದ್ದು ಅಂಗಾಲಿಗೆ ತಾಗಿತು.

ಯಂತ್ರ ಎರಡು ಸಲ ಕೆಮ್ಮಿ ನಿಂತಿತು.

ಮೊದಲು ಪೆಟ್ರೋಲಿನ ವಾಸನೆ ಬಂತು. ಅದರ ಹಿಂದೆಯೇ ಮೀನು... ಹಸಿ ಮೀನಲ್ಲ, ಮುಚ್ಚಿದ ಬುಟ್ಟಿಯಲ್ಲಿ ಬಹಳ ದಿನ ಉಳಿದ ಮೀನು. ನಾನು ಸೆರಗಿಲ್ಲದ ಹೆಗಲನ್ನು ತಡಕಿ, ಕೊನೆಗೆ ಮಾಸ್ಕಿನ ಮೇಲೆಯೇ ಸ್ವೆಟರಿನ ತೋಳಿನಿಂದ ಮೂಗು ಮುಚ್ಚಿಕೊಂಡೆ.

ಅಜ್ಜ ನಗುತ್ತಿದ್ದರು. ವಾಕರ್ ಇಲ್ಲದೆಯೇ ಎದ್ದರು. ತಲೆಗೂದಲು ಒಪ್ಪ ಮಾಡಿಕೊಂಡರು. ನಾವು ತಡೆಯುವ ಮೊದಲೇ ಹೋಗಿ ಹಿಂಬಾಗಿಲು ತೆರೆದರು.

"ಡೌವೆ?" ಎಂದು ಕೂಗಿದರು.

ನಾನು ಅವರ ಹೆಗಲ ಮೇಲಿಂದ ನೋಡಿದೆ. ಮಂಜು, ಮಂಜಿನೊಳಗೆ ದೀಪಗಳು. ದೂರದ ತುದಿಯಲ್ಲಿ ಒಂದು ದೀಪ ನೆಲದಿಂದ ಮೇಲೆದ್ದಿತು. ಮನುಷ್ಯನ ಕೈಯ ಎತ್ತರಕ್ಕೆ ಬಂದು ತೂಗಿತು. ಅದು ಪಕ್ಕದ ದೀಪದ ಹತ್ತಿರ ಹೋಯಿತು. ಅದೂ ಎದ್ದಿತು.

"ಯಾರೋ ಎತ್ಲಿಕ್ಕತ್ತಾರ..." ಪ್ರಸನ್ನನ ಧ್ವನಿ ಅವನದಲ್ಲದ ಹಾಗಿತ್ತು.

ಒಂದೊಂದಾಗಿ ಎಲ್ಲ ದೀಪಗಳೂ ಎದ್ದವು. ಒಂದು ಗೊಂಚಲಾಗಿ ಮನೆಯ ಕಡೆ ಬರತೊಡಗಿದವು. ಅಷ್ಟೊಂದು ಕಂದೀಲುಗಳನ್ನು ಒಬ್ಬರ ಎರಡು ಕೈಯಲ್ಲಿ ಹಿಡಿಯುವುದು ಆಗದ ಮಾತು. ಆದರೆ ಹೆಜ್ಜೆ ಒಬ್ಬರದೇ. ನೀರು ತುಂಬಿದ ಬೂಟಿನ ಹೆಜ್ಜೆ. ಚಳಕ್... ಚಳಕ್... ಚಳಕ್...

ಬಾಗಿಲ ಬೆಳಕು ಬೀಳುವ ಜಾಗಕ್ಕೆ ಇನ್ನೇನು ತಲುಪಬೇಕು, ಹೆಜ್ಜೆ ನಿಂತಿತು.

ಅಜ್ಜ ತಲೆಯನ್ನು ಒಂದು ಕಡೆ ವಾಲಿಸಿದರು. ಯಾರೋ ಮಾತಾಡುತ್ತಿದ್ದಾರೆ, ತಾವು ಕೇಳಿಸಿಕೊಳ್ಳುತ್ತಿದ್ದೇವೆ ಎನ್ನುವ ಹಾಗೆ. ನಮಗೆ ಒಂದು ಅಕ್ಷರವೂ ಕೇಳಲಿಲ್ಲ. ಅವರ ಮುಖದ ನಗು ಹಾಗೆಯೇ ಇತ್ತು, ಆದರೆ ಅದರ ಕೆಳಗಿನಿಂದ ಜೀವ ಹೊರಟುಹೋಯಿತು. ಒಂದು ಹೆಜ್ಜೆ ಹಿಂದಿಟ್ಟರು, ಬಾಗಿಲು ದೂಡಿದರು, ಎರಡೂ ಕೈಯಿಂದ ಚಿಲಕ ಎಳೆದರು.

"ಅವನಲ್ಲ" ಎಂದರು. "ಅದು ಡೌವೆ ಅಲ್ಲ."

ಹಾಗಾದರೆ ಯಾರು? ದ್ವೀಪದ ಆ ಗಿರಾಕಿಯೇ? ಪಾಟಿ ಎಲ್ಲಿ ಬಿದ್ದಿತ್ತೋ. ನಾನು ಮಾಸ್ಕ್ ಕಿತ್ತು ಬಿಸಾಡಿ ಬಾಯಿ ತೆರೆದು ಕೇಳಿದೆ, ಯಾರು, ಯಾರು ಎಂದು. ಅವರು ನನ್ನ ತುಟಿ ನೋಡಿದರು. ದೀಪ ಆರಿಸಿ, ದೀಪ ಆರಿಸಿ ಎಂದು ಕೈಸನ್ನೆ ಮಾಡಿದರು.

ಮನೆಯ ದೀಪಗಳನ್ನೆಲ್ಲ ಆರಿಸಿದೆವು. ಮೂವರೂ ಹಜಾರದ ನೆಲದ ಮೇಲೆ ಕೂತೆವು. ಬಾಗಿಲ ಕೆಳಗಿನ ಸಂದಿಯಲ್ಲಿ ಹಳದಿ ಬೆಳಕು ಇತ್ತು. ಕಾರಿಗೆ ಓಡೋಣ ಎಂದೆ. "ಬಾಗಲಾ ತಗೀಬ್ಯಾಡ" ಎಂದು ಪ್ರಸನ್ನ ನನ್ನ ಮಣಿಕಟ್ಟು ಹಿಡಿದ. ಪೊಲೀಸರಿಗೆ ಫೋನ್ ಮಾಡು ಎಂದೆ. "ಏನಂತ ಹೇಳ್ಲಿ?" ಎಂದ. ನಿಜ, ಏನೆಂದು ಹೇಳುವುದು? ಬಾಗಿಲು ಯಾರೂ ಬಡಿಯಲಿಲ್ಲ. ಯಾರೂ ಕೂಗಲಿಲ್ಲ. ಆ ಬೆಳಕು ಮಾತ್ರ ಅಲ್ಲೇ ಇತ್ತು, ಆಗೊಮ್ಮೆ ಈಗೊಮ್ಮೆ ಚೂರು ಅಲುಗುತ್ತಿತ್ತು... ಹೊರಗೆ ನಿಂತವರು ಕಾಲು ಬದಲಿಸಿದ ಹಾಗೆ.

ಬೆಳಗಾಗುವ ಹೊತ್ತಿಗೆ ಅದು ಹೋಯಿತು. ಯಾವಾಗ ಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಪೂರ್ತಿ ಬೆಳಕು ಹರಿದ ಮೇಲೆ ಪ್ರಸನ್ನ ಚಿಲಕ ತೆಗೆದ. ಮೆಟ್ಟಿಲ ಮೇಲೆ ಕಂದೀಲುಗಳೆಲ್ಲ ಸಾಲಾಗಿ, ಒತ್ತೊತ್ತಾಗಿ ಕೂತಿದ್ದವು. ಬತ್ತಿ ಇಳಿಸಿ ಆರಿಸಿತ್ತು. ಒಂದನ್ನು ಮುಟ್ಟಿದೆ. ಗಾಜು ಇನ್ನೂ ಬೆಚ್ಚಗಿತ್ತು. ಹೊಲದಲ್ಲಿ ಚಕ್ರದ ಗುರುತು ಇರಲಿಲ್ಲ. ಇಬ್ಬನಿಯ ಹುಲ್ಲಿನ ಮೇಲೆ ನಮ್ಮ ನಾಲ್ಕು ಕಾಲಿನ ಜಾಡು ಬಿಟ್ಟರೆ ಬೇರೆ ಜಾಡೂ ಇರಲಿಲ್ಲ.

ಒಳಗೆ ಬಂದರೆ ಅಜ್ಜ ಟೋಪಿ ಹಾಕಿಕೊಂಡು, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮುಂಬಾಗಿಲ ಬಳಿ ಕೂತಿದ್ದರು. ಇದು ನನ್ನ ಮನೆ, ಹೆಣವಾಗಿಯೇ ಹೋಗುತ್ತೇನೆ ಎಂದು ತಿಂಗಳುಗಟ್ಟಲೆ ಮಗಳ ಜೊತೆ ಜಗಳವಾಡಿದ್ದವರು ಇದೇ ಮನುಷ್ಯ. "ಇವತ್ತೇ ಕರೆದುಕೊಂಡು ಹೋಗಲು ಅವಳಿಗೆ ಹೇಳಿ" ಎಂದರು. ಮಧ್ಯಾಹ್ನ ಆನ್ಕೆ ಬಂದಳು. ರಾತ್ರಿಯದನ್ನು ಅವಳಿಗೆ ಹೇಳಲು ನಮಗೆ ಬಾಯಿ ಬರಲಿಲ್ಲ. ಕಾರು ಹತ್ತುವಾಗ ಅಜ್ಜ ಹೊಲದ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ವೃದ್ಧಾಶ್ರಮದಲ್ಲಿ ಕೊರೊನಾ ಹಬ್ಬಿ, ವಸಂತ ಬರುವ ಮೊದಲೇ ಅವರು ಹೋದರು. ಯಾರನ್ನೂ ಒಳಗೆ ಬಿಡಲಿಲ್ಲ. ಶವಸಂಸ್ಕಾರವನ್ನು ನಾವು ಕಂಪ್ಯೂಟರಿನಲ್ಲಿ ನೋಡಿದೆವು. ಆಮೇಲೆ ಆನ್ಕೆ ಫೋನಿನಲ್ಲಿ ಅಳುತ್ತ ಒಂದು ಮಾತು ಹೇಳಿದಳು. ಅಲ್ಲಿ ಅಪ್ಪ ರಾತ್ರಿ ಒಂದು ಸಣ್ಣ ದೀಪ ಹಚ್ಚಲೂ ಬಿಡುತ್ತಿರಲಿಲ್ಲವಂತೆ. ನರ್ಸು ಟಾರ್ಚ್ ಹಿಡಿದು ಬಂದರೆ ಕಿರುಚುತ್ತಿದ್ದರಂತೆ.

ಆ ಮನೆಯನ್ನು ಎರಡು ಚಿಕ್ಕ ಮಕ್ಕಳಿರುವ ಒಂದು ಕುಟುಂಬ ಕೊಂಡಿದೆ. ಅವರಿಗೆ ಹೇಳಬೇಕೇ ಬೇಡವೇ ಎಂದು ನಾನೂ ಪ್ರಸನ್ನನೂ ಎಷ್ಟೋ ಸಲ ವಾದ ಮಾಡಿದ್ದೇವೆ. ಹೇಳುವುದಾದರೂ ಏನನ್ನು? ಈಗ ನಮ್ಮ ಮನೆಯ ಮೇಲೆ ಮತ್ತೆ ವಿಮಾನಗಳು ಹಾರುತ್ತವೆ, ಲೋಟಗಳು ಗಡಗಡ ಎನ್ನುತ್ತವೆ. ಆ ಗದ್ದಲ ನನಗೆ ಬೇಕು. ಮಂಜು ಬಿದ್ದು ಅದು ನಿಂತ ರಾತ್ರಿ ಮಾತ್ರ ಇಬ್ಬರಿಗೂ ನಿದ್ದೆ ಇಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಕಿವಿ ತೆರೆದುಕೊಂಡು ಮಲಗಿರುತ್ತೇವೆ.

ಯಾಕೆಂದರೆ ಆ ರಾತ್ರಿ ಅದು ಇಳಿದದ್ದನ್ನು ನಾವಿಬ್ಬರೂ ಕೇಳಿದ್ದೇವೆ. ಇಳಿಯಲೆಂದು ದೀಪ ಇಟ್ಟವರೂ ನಾವೇ.

ಅದು ವಾಪಸು ಹಾರಿಹೋದ ಸದ್ದನ್ನು ಮಾತ್ರ ಇಬ್ಬರೂ ಕೇಳಲಿಲ್ಲ...