ಅಂಕಿತದ ಮೇಲೆ ನನ್ನ ಕೂಗು

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಮೊಬೈಲ್ ಅಂಗಡಿ. ಈಗ ಅಲ್ಲಿ ಒಡೆದ ಗಾಜು ಬದಲಿಸುವುದು, ಕವರ್ ಮಾರುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮುಖ್ಯ ಕಸುಬು ಕಾರ್ಡ್ ತುಂಬುವುದಾಗಿತ್ತು. ಬೆಂಗಳೂರಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟ ಮಂದಿ ಬಸ್ ಹತ್ತುವ ಮೊದಲು ಚೀಲಗಳನ್ನು ನನ್ನ ಬಾಗಿಲಲ್ಲಿಟ್ಟು, ಫೋನಿನಿಂದ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡ್ ತೆಗೆದು ಕೊಡುತ್ತಿದ್ದರು. "ಅಣ್ಣಾ, ಯಲ್ಲಮ್ಮನ ಪದ ಹಾಕು, ಭಜನಿ ಹಾಕು, ಹೊಸ ಪಿಚ್ಚರಿನವು ಒಂದೀಟು ಹಾಕು. ಜಲ್ದಿ ಮಾಡಪಾ, ಬಸ್ಸು ಬಿಡಾಕತ್ತದ." ನಾನು ಕಂಪ್ಯೂಟರಿಗೆ ಚುಚ್ಚಿ, ಸಾವಿರ ಹಾಡು ಸುರಿದು ಕೊಡುತ್ತಿದ್ದೆ. ಅಷ್ಟೂ ಕದ್ದ ಮಾಲು. ಯಾರೂ ನನ್ನನ್ನು ಕಳ್ಳ ಅನ್ನಲಿಲ್ಲ, ನನಗೂ ಹಾಗೆ ಅನ್ನಿಸಲಿಲ್ಲ. ಹಾಡಿಗೆ ದುಡ್ಡು ಕೊಡುವುದೆಂದರೆ ನಮ್ಮ ಕಡೆ ಗಾಳಿಗೆ ದುಡ್ಡು ಕೊಟ್ಟ ಹಾಗೆ.

ಆದರೆ ನನ್ನ ಮಾಲನ್ನು ಇನ್ನೊಬ್ಬ ಕದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು! ಮಾನ್ವಿಯ ಅಂಗಡಿಯವನೊಬ್ಬ ಇದ್ದ. ನಾನು ದಿನಗಟ್ಟಲೆ ಹುಡುಕಿ ಇಳಿಸಿಕೊಂಡ ಹಾಡು ಮರುದಿನವೇ ಅವನ ಗಿರಾಕಿಗಳ ಫೋನಿನಲ್ಲಿ ಬಡಿದುಕೊಳ್ಳುತ್ತಿತ್ತು. ಅದಕ್ಕೇ ನಾನು ಪ್ರತಿ ಹಾಡಿನಲ್ಲೂ ನನ್ನ ದನಿ ಸೇರಿಸತೊಡಗಿದೆ: "ಹಾಡು ಬೇಕಾದ್ರ ಬರ್ರಿ, ದೇವದುರ್ಗ ಬಸ್ ಸ್ಟ್ಯಾಂಡ್ ಹಿಂದ!" ಕಾಗದಕ್ಕೆ ಮುದ್ರೆ ಒತ್ತುವ ಹಾಗೆ ಇದು ಹಾಡಿಗೆ ಮುದ್ರೆ. ನಾವು ಅಂಗಡಿಯವರು ಇದನ್ನು ಸಿಕ್ಕಾ ಹೊಡೆಯುವುದು ಅನ್ನುತ್ತಿದ್ದೆವು.

ಸಿಕ್ಕಾ ಹೊಡೆಯುವುದಕ್ಕೂ ಒಂದು ಜಾಣತನ ಬೇಕು. ಹಾಡಿನ ಮೊದಲಿಗೆ ಹೊಡೆದರೆ ಕತ್ತರಿಸಿ ಒಗೆಯುತ್ತಾರೆ. ವಾದ್ಯ ಜೋರಾಗಿರುವ ಕಡೆ ಹೊಡೆದರೆ ಕೇಳಿಸುವುದಿಲ್ಲ. ವಾದ್ಯ ನಿಂತು ಹಾಡುವವರ ದನಿ ಒಂದೇ ಉಳಿಯುವ ಜಾಗ ಇರುತ್ತದಲ್ಲ, ಅಲ್ಲೇ ಹೊಡೆಯಬೇಕು. ಸಿಕ್ಕಾ ಬಿದ್ದ ಮೇಲೆ ಮೂಲ ಹಾಡನ್ನು ಅಳಿಸಿಬಿಡುವುದು ನನ್ನ ಪದ್ಧತಿ. ಇಟ್ಟುಕೊಂಡರೆ ತಾನೆ ಯಾರಾದರೂ ಕದಿಯುವುದು! ಈ ಬುದ್ಧಿಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಅಗ್ಗದ ಡೇಟಾ ಬಂದ ಮೇಲೆ ನನ್ನ ಜಾಣತನಕ್ಕೆ ಗಿರಾಕಿಗಳಿಲ್ಲದಾಯಿತು. ಹಾಡೆಲ್ಲ ಫೋನಿನಲ್ಲೇ ಸಿಗುತ್ತಿತ್ತು. ಶಾಲೆಯ ಮಾಸ್ತರರು, ಬ್ಯಾಂಕಿನವರು ಒಂದಿಬ್ಬರು ತಿಂಗಳಿಗಿಷ್ಟು ಅಂತ ಕಟ್ಟಿ ಜಾಹೀರಾತಿಲ್ಲದೆ ಕೇಳುವುದನ್ನೂ ಶುರು ಮಾಡಿದರು. ಅದನ್ನು ನೋಡಿ ನಾನು ಹೊಟ್ಟೆ ಉರಿದುಕೊಂಡೆ. ಕಾರ್ಡ್ ತುಂಬುವ ಕಸುಬು ಮುಗಿಯಿತು ಅಂದುಕೊಂಡಿದ್ದಾಗ ನೀರಮಾನ್ವಿಯ ಅಕ್ಕನ ಹಾಡು ಬಂತು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಯಲ್ಲಮ್ಮನ ಗುಡಿಯಲ್ಲಿ ಚೌಡಿಕಿ ವಾದ್ಯ ಹಿಡಿದು ಪದ ಹಾಡುವಾಕೆ. ದೇವದುರ್ಗಕ್ಕೆ ಬಂದಾಗಲೆಲ್ಲ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದಳು. ತಮ್ಮಾ ಅಂತ ಕರೆಯುತ್ತಿದ್ದಳು, ಹಾಗಾಗಿ ಅಕ್ಕ. ಅವಳು ಹಾಡುತ್ತಿದ್ದ ಪದಗಳನ್ನು ಕಟ್ಟಿದ್ದು ಆಗಲೇ ತೀರಿಕೊಂಡಿದ್ದ ಅವಳ ತಾಯಿ. ಆ ಮುದುಕಿಗೆ ಅಕ್ಷರ ಬರುತ್ತಿರಲಿಲ್ಲ. ಎಲ್ಲ ಮಗಳ ಬಾಯಲ್ಲೇ ಇತ್ತು. ಒಮ್ಮೆ ಅಕ್ಕ ಮುಖವರಳಿಸಿಕೊಂಡು ಬಂದಳು. ರಾಯಚೂರಿನ ಏಜೆಂಟನೊಬ್ಬ ಸ್ಟುಡಿಯೋದಲ್ಲಿ ಅವಳಿಂದ ಎಂಟು ಪದ ಹಾಡಿಸಿದ್ದ. ಅವು ಒಂದೇ ಒಂದು ಆ್ಯಪಿನಲ್ಲಿ ಬರುತ್ತವೆ, ಬೇರೆಲ್ಲೂ ಸಿಗುವುದಿಲ್ಲ ಅಂತ ಕರಾರು.

"ಅವ್ವ ಕಟ್ಟಿದ ಪದ ನಲವತ್ತರ ಮ್ಯಾಲ ಅದಾವ ತಮ್ಮಾ. ಈ ಎಂಟು ಆ ಆ್ಯಪಿನಾಗ ಛಲೋ ಮಂದಿ ಕೇಳಿದ್ರ ಉಳಿದವನ್ನೂ ಮಾಡ್ಸ್ತಾರಂತ. ಇಲ್ಲಂದ್ರ ಇಷ್ಟಕ್ಕ ಮುಗೀತು ಅಂದಾರ. ನಿನ್ನ ಅಂಗಡಿಗಿ ಬರೋ ಮಂದಿಗಿ ಆ ಆ್ಯಪು ಹಾಕಿಕೊಡು. ಅದರಾಗೇ ಕೇಳ್ರಿ ಅಂತ ಹೇಳು. ಇಷ್ಟು ಮಾಡ್ತೀಯಿಲ್ಲ?"

"ಅಯ್ಯ ಅಕ್ಕಾ, ಅದೇನು ದೊಡ್ಡದು, ಮಾಡ್ತೀನಿ" ಅಂದೆ. ಚಹಾ ತರಿಸಿ ಕುಡಿಸಿದೆ. ಅಂದ ಮಾತು ಅಲ್ಲಿಗೇ ಮರೆತೆ.

ಪೂರ್ತಿ ಸುಳ್ಳು ಹೇಳಲಾರೆ, ಎರಡು ದಿನ ಮಾಡಿದೆ. ಕೆಲವರ ಫೋನಿನಲ್ಲಿ ಜಾಗವಿರಲಿಲ್ಲ. ಗುಂಡಿ ಒತ್ತುವ ಫೋನಿನವರಿಗೆ ಆ್ಯಪೇ ಇಲ್ಲ. ಹಾಕಿಕೊಂಡವರೂ ಅದು ದುಡ್ಡು ಕೇಳಿದ ಕೂಡಲೇ ಕಿತ್ತುಹಾಕಿದರು. ಮೂರನೆಯ ದಿನ, ತಿಂಗಳ ದುಡ್ಡು ಕಟ್ಟಿ ಹಾಡು ಕೇಳುತ್ತಿದ್ದ ಮಾಸ್ತರರೊಬ್ಬರು ಪೆನ್ ಡ್ರೈವ್ ಹಿಡಿದು ಬಂದರು. "ನಾ ಒಂದು ಆ್ಯಪಿಗಿ ಕಟ್ಟೀನಿ, ಅದರಾಗ ಈಕಿ ಹಾಡಿಲ್ಲ. ಎಂಟು ಪದಕ್ಕ ಮತ್ತೊಂದಕ್ಕ ಕಟ್ಟಂದ್ರ ಹ್ಯಾಂಗ್ರೀ? ನೀವೇ ಏನಾರ ಮಾಡಿ ಹಾಕಿಕೊಡ್ರಿ" ಅಂದರು. ಆ ಕಂಪನಿಯವರ ತಲೆಗೆ ಏನು ತುಂಬಿತ್ತೋ ಗೊತ್ತಿಲ್ಲ. ಇದೇ ಎಂಟು ಪದಗಳನ್ನು ಎಲ್ಲ ಕಡೆ ಬಿಟ್ಟಿದ್ದರೆ ಆ ಮಾಸ್ತರರು ಮನೆಯಲ್ಲೇ ಕೂತು ನ್ಯಾಯವಾಗಿ ಕೇಳುತ್ತಿದ್ದರು. ಒಂದೇ ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು, ದುಡ್ಡು ಕೊಡುವ ಮನುಷ್ಯನನ್ನೂ ನನ್ನಂಥವನ ಬಾಗಿಲಿಗೆ ಕಳಿಸಿದರು. ಇದು ನನ್ನ ಸಮಾಧಾನ. ಬೇಕಾದಾಗಲೆಲ್ಲ ಹೇಳಿಕೊಂಡಿದ್ದೇನೆ.

ನಾನು ಒಂದು ತಿಂಗಳ ದುಡ್ಡು ಕಟ್ಟಿದೆ. ನನಗೆ ಗೊತ್ತಿದ್ದಂತೆ ದೇವದುರ್ಗದಲ್ಲಿ ಅಕ್ಕನ ಹಾಡಿಗೆ ದುಡ್ಡು ಕೊಟ್ಟವನು ನಾನೊಬ್ಬನೇ. ಅದೂ ಕದಿಯುವುದಕ್ಕೆ! ಫೋನಿನಿಂದ ಕಂಪ್ಯೂಟರಿಗೆ ವೈರ್ ಎಳೆದು, ಒಂದೊಂದೇ ಪದ ಹಚ್ಚಿ, ಎಂಟನ್ನೂ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಸಿಕ್ಕಾ ಹೊಡೆಯಲು ಜಾಗ ಹುಡುಕಿದೆ. ಹುಡುಕುವ ಕಷ್ಟವೇ ಇರಲಿಲ್ಲ. ಪ್ರತಿ ಪದದ ಕೊನೆಯ ನುಡಿಯಲ್ಲಿ ಚೌಡಿಕಿ ಥಟ್ಟನೆ ನಿಲ್ಲುತ್ತಿತ್ತು, ಹಿಂದೆ ದನಿಗೂಡಿಸಿ ಸೊಲ್ಲು ಹಿಡಿಯುವವರು ಸುಮ್ಮನಾಗುತ್ತಿದ್ದರು, ಅಕ್ಕ ಒಬ್ಬಳೇ ದನಿ ಎತ್ತಿ ಒಂದು ಸಾಲು ಹೇಳುತ್ತಿದ್ದಳು. ಸ್ವಚ್ಛ ಜಾಗ. ಅಕ್ಕನ ದನಿಯನ್ನು ತಗ್ಗಿಸಿ, ನನ್ನದನ್ನು ಏರಿಸಿ, ಎಂಟರಲ್ಲೂ ಅಲ್ಲೇ ಕೂಗಿದೆ. ಮೂಲ ಅಳಿಸಿದೆ.

ಹಾಡು ಹಬ್ಬಿದ್ದು ನೋಡಬೇಕಿತ್ತು. ಅಂಗಡಿ ಮುಂದೆ ಮತ್ತೆ ಚೀಲಗಳು ಬಂದವು. ಟ್ರ್ಯಾಕ್ಟರಿನವರು, ಜೀಪಿನವರು, ಹಿಟ್ಟಿನ ಗಿರಣಿಯವರು, ಎಲ್ಲರಿಗೂ ಅಕ್ಕನೇ ಬೇಕು. ಮಾನ್ವಿಯವನೂ ನಕಲು ಮಾಡಿಕೊಂಡ, ಆದರೆ ನನ್ನ ಕೂಗನ್ನು ಕೀಳಲು ಅವನಿಂದ ಆಗಲಿಲ್ಲ. ಅವನ ಗಿರಾಕಿಗಳಿಗೂ ದೇವದುರ್ಗಕ್ಕೆ ಬರ್ರಿ ಅನ್ನುತ್ತಿತ್ತು! ನಾನು ಬಿದ್ದುಬಿದ್ದು ನಕ್ಕೆ.

ಕೆಲವು ತಿಂಗಳ ಮೇಲೆ ಅಕ್ಕ ಬಂದಳು. ಸ್ಟೂಲಿನ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದಳು.

"ಜೀಪಿನಾಗ ನನ್ನ ಪದ ಹಚ್ಚಿದ್ರು ತಮ್ಮಾ. ನಡುವ ನಿನ್ನ ದನಿ ಬಂತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬಾಯಿಗೆ ಬಂದದ್ದನ್ನು ಒದರಿದೆ. "ಅಕ್ಕಾ, ಮಂದಿ ಕೇಳ್ಯಾರ ನೋಡು, ಊರೂರಿಗಿ ಮುಟ್ಟ್ಯಾವು ನಿನ್ನ ಪದ. ಆ ಆ್ಯಪಿನಾಗ ಯಾರು ಕೇಳ್ತಿದ್ರು?"

"ಕೇಳ್ಲಿ, ಬ್ಯಾಡ ಅನ್ನಂಗಿಲ್ಲ. ಗುಡ್ಯಾಗ ನಾ ಏನು ರೊಕ್ಕ ತಗೊಂಡು ಹಾಡ್ತೀನೇನು? ಆದ್ರ ನಿನ್ನ ದನಿ ಯಾಕ ಹಾಕಿದಿ?"

"ಇಲ್ಲಂದ್ರ ಬ್ಯಾರೆಯವ್ರು ಕದೀತಾರಕ್ಕಾ."

ಅಕ್ಕ ನಕ್ಕಳು. ಬೈದಿದ್ದರೆ ನಾನು ಈಗ ಇಷ್ಟು ನೆನೆಸಿಕೊಳ್ಳುತ್ತಿರಲಿಲ್ಲವೇನೋ. "ನೀ ದನಿ ಹಾಕಿದ್ದು ಎಲ್ಲಿ ಗೊತ್ತದನು? ಅದು ಅವ್ವನ ಅಂಕಿತದ ಜಾಗ. ಪದ ಕಟ್ಟಿದಾಕಿ ಯಾರು, ಯಾವ ಊರಾಕಿ ಅಂತ ಹೇಳೋ ಸಾಲು. ಒಂದೊಂದು ಪದದಾಗ ಒಂದೊಂದು ರೀತಿಲಿ ಹೇಳ್ಯಾಳ. ತಗದು ಹಾಕು ತಮ್ಮಾ, ಅಷ್ಟಾರ ಮಾಡು" ಅಂದಳು.

"ಮಾಡ್ತೀನಕ್ಕಾ" ಅಂದೆ. ಮೂಲ ಅಳಿಸಿದ್ದೇನೆ ಅಂತ ಹೇಳಲಿಲ್ಲ. ಆಗ ಇನ್ನೂ ಹಾಡುಗಳು ಆ ಆ್ಯಪಿನಲ್ಲಿದ್ದವು. ಇನ್ನೊಂದು ತಿಂಗಳ ದುಡ್ಡು ಕಟ್ಟಿದ್ದರೆ ಮತ್ತೆ ಇಳಿಸಿಕೊಳ್ಳಬಹುದಿತ್ತು. ಇವತ್ತು, ನಾಳೆ ಅಂತ ತಳ್ಳಿದೆ. ಸತ್ಯ ಹೇಳಬೇಕೆಂದರೆ ಸೋಮಾರಿತನಕ್ಕಿಂತ ದುರಾಸೆ ದೊಡ್ಡದಿತ್ತು. ಸಿಕ್ಕಾ ಇಲ್ಲದ ಹಾಡನ್ನು ಬಿಟ್ಟರೆ ಮಾನ್ವಿಯವನಿಗೆ ಹಬ್ಬವಾಗುತ್ತಿತ್ತು.

ಆ ಆ್ಯಪಿನಲ್ಲಿ ಅಕ್ಕನ ಪದಗಳನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ ಅಂತ ಏಜೆಂಟ ಫೋನಿನಲ್ಲೇ ಹೇಳಿ ಮುಗಿಸಿದನಂತೆ. ಉಳಿದ ಪದಗಳ ರೆಕಾರ್ಡಿಂಗ್ ಆಗಲಿಲ್ಲ. ಅವಳ ಹಾಡು ಕೇಳಿಸದ ದಾರಿ ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ, ಆದರೂ ಅವಳ ಹಾಡನ್ನು ಯಾರೂ ಕೇಳುವುದಿಲ್ಲ ಅಂತ ತೀರ್ಮಾನವಾಯಿತು. ಎರಡು ವರ್ಷ ಕಳೆದ ಮೇಲೆ ಎದೆನೋವು ಬಂದು ಅಕ್ಕ ಹೋದಳು. ಮಣ್ಣಿಗೆ ಹೋಗಿದ್ದೆ. ಯಾರ ಫೋನಿನಲ್ಲೋ ಅವಳದೇ ಪದ ಹಚ್ಚಿದ್ದರು. ಕೊನೆಯ ನುಡಿ ಬರುವ ಮೊದಲು ನಾನು ಚಪ್ಪಲಿ ಹುಡುಕುವ ನೆಪ ಮಾಡಿ ಆಚೆ ಸರಿದೆ.

ಹೋದ ವರ್ಷ ಅಕ್ಕನ ಮಗಳು ಅಂಗಡಿಗೆ ಬಂದಳು. ಮಾನ್ವಿಯಲ್ಲಿ ಶಾಲೆ ಟೀಚರ್. ಸಣ್ಣವಳಿದ್ದಾಗಿನಿಂದ ಹಾಸ್ಟೆಲಿನಲ್ಲಿ ಓದಿದವಳು, ತಾಯಿಯ ಪದ ಕಲಿಯಲಿಲ್ಲ. ಚೀಲದಿಂದ ಉದ್ದನೆಯ ಒಂದು ನೋಟ್‌ಬುಕ್ ತೆಗೆದು ಕೌಂಟರಿನ ಮೇಲಿಟ್ಟಳು.

"ಮಾಮಾ, ಕರಾರು ಮುಗೀತಂತ ಹೇಳಿ ಆ ಆ್ಯಪಿನವ್ರು ಅವ್ವನ ಪದ ತಗದುಬಿಟ್ಟಾರ್ರೀ. ಏಜೆಂಟ ಫೋನ್ ಎತ್ತಂಗಿಲ್ಲ. ರಾಯಚೂರಿಗಿ ಹೋಗಿದ್ದೆ, ಸ್ಟುಡಿಯೋ ಇದ್ದಲ್ಲಿ ಈಗ ಫ್ಲೆಕ್ಸ್ ಅಂಗಡಿ ಅದ. ಈಗ ಉಳಿದದ್ದು ನಿಮ್ಮ ಕಾರ್ಡಿನ ಹಾಡು ಅಷ್ಟೇ. ಅದನ್ನೇ ಕೇಳಿ ಬರಕೊಂಡೀನಿ. ಎಂಟರಾಗೂ ಒಂದೊಂದು ಸಾಲು ಸಿಗಲಿಲ್ಲ. ಅಲ್ಲಿ ಏನದ ಹೇಳ್ರಿ, ಇಲ್ಲಂದ್ರ ಮೂಲ ಹಾಡು ಕೊಡ್ರಿ."

ನೋಟ್‌ಬುಕ್ ತೆರೆದೆ. ದುಂಡನೆಯ ಅಕ್ಷರ, ಒಂದು ಚಿತ್ತಿಲ್ಲ. ಪ್ರತಿ ಪದದ ಕೊನೆಯ ನುಡಿಯಲ್ಲಿ ಒಂದು ಸಾಲು ಖಾಲಿ. ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ಕೆದಕಿದೆ. ಇಲ್ಲ ಅಂತ ಗೊತ್ತಿದ್ದೂ ಕೆದಕಿದೆ. ಆಮೇಲೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಆ ಎಂಟು ಜಾಗಗಳನ್ನು ನಾನು ಎಷ್ಟು ಸಲ ಹಚ್ಚಿ ಕೇಳಿದ್ದೆ! ನನ್ನ ಕೂಗು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಕೇಳಿದ್ದೆ. ಅಕ್ಕ ಏನು ಹೇಳುತ್ತಿದ್ದಾಳೆ ಅಂತ ಒಂದು ಸಲವೂ ಕಿವಿಗೊಟ್ಟಿರಲಿಲ್ಲ.

"ನಾಕು ದಿನ ಕೊಡು ಯವ್ವಾ, ಹುಡುಕಿ ಕೊಡ್ತೀನಿ" ಅಂದು ನೋಟ್‌ಬುಕ್ ಇಟ್ಟುಕೊಂಡೆ. ಅಕ್ಕನ ಜೊತೆ ಗುಡಿಯಲ್ಲಿ ಸೊಲ್ಲು ಹಿಡಿಯುತ್ತಿದ್ದ ಇಬ್ಬರು ಹೆಂಗಸರು ಈಗ ಹಿರೇಕೊಟ್ನೆಕಲ್ ಕಡೆ ಹತ್ತಿ ಬಿಡಿಸಲು ಹೋಗುತ್ತಾರೆ ಅಂತ ತಿಳಿಯಿತು. ಬೈಕ್ ತೆಗೆದುಕೊಂಡು ಹೋದೆ. ಹೊಲದ ಬದುವಿನ ಮೇಲೆ ನಿಂತು ವಿಷಯ ಹೇಳಿದೆ.

"ಆ ಸಾಲಿಗಿ ನಾವು ಸುಮ್ಮನಿರ್ತಿದ್ವಿ. ಆಕೀನೇ ಹೇಳಾಕಿ" ಅಂದಳು ಹಿರಿಯಾಕೆ. "ನೆಪ್ಪಿಲ್ಲಪಾ. ಹಾಡ್ಕೋತ ಹೋದ್ರ ಬಾಯಿಗಿ ಬಂದೀತು, ತಡಿ."

ಅವಳು ಶುರು ಮಾಡಿದಳು. ಹತ್ತಿ ಬಿಡಿಸುತ್ತಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ಎಲ್ಲರಿಗೂ ಬರುತ್ತಿತ್ತು, ಒಂದಕ್ಷರ ತಪ್ಪಲಿಲ್ಲ. ನಾನು ಪೆನ್ನು ತೆಗೆದು ಕಾದೆ. ಕೊನೆಯ ನುಡಿ ಬಂತು. ಹಿರಿಯಾಕೆ ತಡೆದು ನಿಂತಳು, ತುಟಿ ಅಲುಗಿಸಿದಳು. ಅಷ್ಟರಲ್ಲಿ ಹಿಂದಿನ ಹತ್ತಿ ಸಾಲಿನವರೆಲ್ಲ ಒಟ್ಟಿಗೆ ಕೂಗಿದರು: "ಹಾಡು ಬೇಕಾದ್ರ ಬರ್ರಿ, ದೇವದುರ್ಗ ಬಸ್ ಸ್ಟ್ಯಾಂಡ್ ಹಿಂದ!" ಹೊಲದ ತುಂಬ ನಗು. ಮತ್ತೆ ಎರಡು ಪದ ಹಾಡಿಸಿದೆ. ಎರಡರಲ್ಲೂ ಅದೇ ಆಯಿತು. "ಏನು ಮಾಡ್ಲೋ ಯಪ್ಪಾ, ಬಾಯಿಗಿ ನಿಂದೇ ಬರತದ" ಅಂದಳು ಹಿರಿಯಾಕೆ. ಅವಳು ನಗಲಿಲ್ಲ.

ಮಾನ್ವಿಗೆ ಹೋಗಿ ಅಕ್ಕನ ಮಗಳಿಗೆ ನೋಟ್‌ಬುಕ್ ವಾಪಸ್ ಕೊಟ್ಟೆ. ಹೊಲದಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಖಾಲಿ ಉಳಿದದ್ದು ಅವಳ ಅಜ್ಜಿಯ ಅಂಕಿತದ ಸಾಲು ಅನ್ನುವುದು, ಮೂಲವನ್ನು ನಾನೇ ಅಳಿಸಿದ್ದು, ಅವಳ ತಾಯಿ ತೆಗೆದುಹಾಕು ಅಂದಾಗಲೂ ಹಾಡು ಸಿಗುತ್ತಿದ್ದದ್ದು, ನಾನು ಮಾಡದೆ ಬಿಟ್ಟದ್ದು, ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಯವ್ವಾ ಅಂದೆ. ಅವಳು ನೋಟ್‌ಬುಕ್ಕಿನಲ್ಲಿ ಮೊದಲ ಪದದ ಪುಟ ತೆರೆದಳು.

"ಅಜ್ಜಿ ಹೆಸರು ಗೊತ್ತದ, ಆಕಿ ಹ್ಯಾಂಗ ಹೇಳಿದ್ಳು ಗೊತ್ತಿಲ್ಲ. ಇನ್ನ ಮಂದಿ ಹಾಡೋದೇ ಹಂಗ ಅಂದ ಮ್ಯಾಲ ಹಂಗೇ ಬರೀಬೇಕಾಗ್ತದ್ರೀ ಮಾಮಾ" ಅಂದು ಪೆನ್ನು ತೆಗೆದಳು. ತನ್ನ ಅಜ್ಜಿಯ ಹೆಸರು ಇರಬೇಕಾಗಿದ್ದ ಸಾಲಿನಲ್ಲಿ, ದುಂಡನೆಯ ಅಕ್ಷರದಲ್ಲಿ, ದೇವದುರ್ಗ ಬಸ್ ಸ್ಟ್ಯಾಂಡ್ ಹಿಂದ ಅಂತ ಬರೆದಳು. ಪುಟ ತಿರುವಿ ಮತ್ತೆ ಬರೆದಳು. ಎಂಟನೆಯ ಪದ ಮುಗಿಯುವವರೆಗೂ ನಾನು ಎದುರಿಗೇ ಕೂತಿದ್ದೆ.